ಮುಚ್ಚಳದ ಮೇಲೆ ಎಳೆ ರಂಗೋಲಿ ಇರುವ ಒಡವೆ ಪೆಟ್ಟಿಗೆ: ಸ್ಕ್ರೋಲ್ ಸಾ ಬಲ್ಲವರು ಸ್ವಲ್ಪ ಹೇಳಿ

ಅಂಗಳ_ಶಿರಸಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಹಳೆಯದು, ಬರೆಯುವುದು ಹೊಸದು. ಮನೆಗೆ 16 ಇಂಚಿನ ಸ್ಕ್ರೋಲ್ ಸಾ (ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತ ಸುತ್ತು ಗೆರೆ ಕೊಯ್ಯುವ ಗರಗಸದ ಮಷಿನ್) ಬಂದಿದೆ. ತಂಗಿಯ ಮಗಳ ಮದುವೆಗೆ ಒಂದು ದುಂಡನೆಯ ಒಡವೆ ಪೆಟ್ಟಿಗೆ ಮಾಡಿಕೊಡಬೇಕು ಅಂತ ಆಸೆ. ಅಡ್ಡಳತೆ 200 ಮಿ.ಮೀ., ಅಂದರೆ ಸುಮಾರು 8 ಇಂಚು. ಮುಚ್ಚಳದ ಮೇಲೆ 7ರಿಂದ 4ರವರೆಗಿನ ಸಂದು ಚುಕ್ಕಿಯ ಎಳೆ ರಂಗೋಲಿ ಬರಬೇಕು. ಕಾಗದದ ಮೇಲೆ ಬರೆದೂ ಆಯ್ತು.

ಈಗ ತೊಡಕು ಏನೆಂದರೆ, ಗೆರೆಯ ಗುಂಟ ಗರಗಸ ಓಡಿಸಿದರೆ ಸುತ್ತು ಮುಗಿದ ಕಡೆಯೆಲ್ಲ ಒಳಗಿನ ತುಂಡು ಕಳಚಿ ಬೀಳುತ್ತದಲ್ಲ? ರಂಗೋಲಿಯಲ್ಲಿ ಎಲ್ಲ ಸುತ್ತೂ ಮುಚ್ಚಿಯೇ ಇರುತ್ತದೆ. ಅಲ್ಲಲ್ಲಿ ಗೆರೆ ಬಿಟ್ಟು ಬಿಟ್ಟು ಕೊಯ್ಯಬೇಕೆ? ಹಾಗೆ ಮಾಡಿದರೆ ಅದು ರಂಗೋಲಿಯಾಗಿ ಉಳಿಯುವುದಿಲ್ಲ. ಬ್ಲೇಡು ಯಾವುದು, ಮರ ಯಾವುದು ಅನ್ನುವುದೂ ತಿಳಿಯಬೇಕು.

ಬಡಿಗೇರ_ಧಾರವಾಡ
ಅಕ್ಕಾರ, ನೀವು ಗೆರಿ ಕೊಯ್ಯಾಕ ಹೊಂಟೀರಿ. ಗೆರಿ ಕೊಯ್ಯಬ್ಯಾಡ್ರಿ, ಗೆರಿನ ಕಟಿಗಿಯಾಗಿ ಉಳಿಬೇಕು. ಗೆರಿ ನಡುವಿನ ಬಯಲು ಐತೆಲ್ಲ, ಅದನ್ನ ತಗೀರಿ. ಈಗಿರೋ ಒಂಟಿ ಗೆರಿನ 3 ಮಿ.ಮೀ. ದಪ್ಪ ಮಾಡಿ ಇನ್ನೊಮ್ಮೆ ಬರೀರಿ. ಒಂದರ ಮ್ಯಾಲ ಒಂದು ಹಾದುಹೋಗೋ ಜಾಗದಾಗ ಎರಡೂ ಕೂಡಿ ಗಂಟು ಬೀಳತೈತಿ. ಇಡೀ ಚಿತ್ರ ಒಂದ ಜಾಲರಿಯಾಗಿ ನಿಲ್ಲತೈತಿ, ಏನೂ ಕಳಚಂಗಿಲ್ಲ. ಹೂವು-ಬಳ್ಳಿ ಚಿತ್ರಕ್ಕ ತುಂಡು ಬೀಳದಂಗ ಅಲ್ಲಲ್ಲಿ ಸೇತುವಿ ಕೊಡಬೇಕಾಗತೈತಿ. ಎಳಿ ರಂಗೋಲಿಗೆ ಅದರ ಗಂಟ ಸೇತುವಿ.

ಎರಡ ಮಾತು ನೆನಪಿಡ್ರಿ. ಚುಕ್ಕಿ ಉಳಿಯಂಗಿಲ್ಲ, ಅವು ನಡುಗಡ್ಡಿ ಇದ್ದಂಗ. ಬೇಕಂದ್ರ ಜಾಲರಿ ಹಿಂದ ಹಾಕೋ ಹಲಗಿಗೆ ಸಣ್ಣ ಹಿತ್ತಾಳಿ ಮೊಳಿ ಬಡೀರಿ, ಭಾಳ ಚೆಂದ ಕಾಣತಾವು. ಇನ್ನೊಂದು, ಯಾವುದಾದ್ರೂ ಸುತ್ತು ಬ್ಯಾರೆ ಸುತ್ತಿಗೆ ತಾಗದ ಒಳಗ ಬಿಡಿಯಾಗಿ ಕುಂತಿದ್ರ ಅದು ಬಿದ್ದ ಹೋಗತೈತಿ. ಅಂಥಾದ್ದು ಐತೇನ ನೋಡ್ಕೋರಿ.

ಲೆಕ್ಕದ_ಮೇಷ್ಟ್ರು
ಬಡಿಗೇರರು ಹೇಳಿದ್ದು ಸರಿ. ಒಂದು ಎಚ್ಚರಿಕೆ ನನ್ನದೂ ಇರಲಿ. ಜಾಲರಿಯ ಪ್ರತಿ ಕಿಂಡಿಗೂ ಒಂದು ತೂತು ಕೊರೆಯಬೇಕು, ಬ್ಲೇಡು ಬಿಚ್ಚಿ ಅದರೊಳಗೆ ತೂರಿಸಿ ಮತ್ತೆ ಬಿಗಿಯಬೇಕು. ಎಷ್ಟು ಕಿಂಡಿ ಅನ್ನುವುದನ್ನು ಕೊಯ್ಯುವ ಮೊದಲೇ ಲೆಕ್ಕ ಹಾಕಬಹುದು. ಚಿತ್ರ ಪೂರ್ತಿ ಒಂದಕ್ಕೊಂದು ಕೂಡಿಕೊಂಡಿದ್ದು, ಪ್ರತಿ ಗಂಟಿನಲ್ಲಿ ಎರಡೇ ಗೆರೆ ಹಾಯುತ್ತಿದ್ದರೆ, ಗಂಟುಗಳ ಸಂಖ್ಯೆಗೆ ಒಂದು ಕೂಡಿಸಿ, ಅಷ್ಟೇ ಕಿಂಡಿ. ಶಾಲೆಯಲ್ಲಿ ಘನಾಕೃತಿಗಳಿಗೆ ಹೇಳಿಕೊಡುವ ಆಯ್ಲರ್ ಸೂತ್ರವೇ ಇದು.

ನಿಮ್ಮ 7–4ರ ರಂಗೋಲಿಯಲ್ಲಿ 37 ಚುಕ್ಕಿ. ಪಕ್ಕಪಕ್ಕದ ಚುಕ್ಕಿಗಳ ನಡುವೆಲ್ಲ ಗೆರೆ ಹಾಯ್ದರೆ 90 ಗಂಟು, ಹಾಗಾಗಿ 91 ಕಿಂಡಿ. ಇನ್ನೊಂದು ದಾರಿಯಿಂದ ತಾಳೆ ನೋಡಿ: ಚುಕ್ಕಿಗೊಂದು ಮನೆಯಂತೆ 37, ಮೂರು ಚುಕ್ಕಿಗಳ ನಡುವಿನ ತ್ರಿಕೋನ 54, ಒಟ್ಟು 91. ಇದರ ಮೇಲೆ ಮುಚ್ಚಳದ ಅಂಚಿಗೆ ಉಳಿಸುವ ಹೊರಗಿನ ಬಳೆಗೆ ಎಷ್ಟು ಕಡೆ ತಾಗಿಸುತ್ತೀರೋ ಅಷ್ಟು ಕಿಂಡಿ ಹೆಚ್ಚು. ಆರು ಮೂಲೆಯೂ ತಾಗಿದರೆ 97 ಸಲ ಬ್ಲೇಡು ಬಿಚ್ಚಿ ಹಾಕಬೇಕು.

ಅಂಗಳ_ಶಿರಸಿ
ಮೇಷ್ಟ್ರೇ, 97 ಅಂದ ಕೂಡಲೇ ಕೈ ನೋವು ಶುರುವಾಯಿತು! 5ರಿಂದ 3ಕ್ಕೆ ಇಳಿಸಿದರೆ?

ಲೆಕ್ಕದ_ಮೇಷ್ಟ್ರು
19 ಚುಕ್ಕಿ, 42 ಗಂಟು, 43 ಕಿಂಡಿ. ಬಳೆಯದ್ದು 6 ಸೇರಿಸಿದರೆ 49. ಇನ್ನೊಂದು ಅನುಕೂಲವೂ ಇದೆ. ಮುಚ್ಚಳ 200 ಮಿ.ಮೀ., ಸುತ್ತ 12 ಮಿ.ಮೀ. ಬಳೆ ಬಿಟ್ಟರೆ ಒಳಗೆ 176 ಉಳಿಯುತ್ತದೆ. 7–4 ಹಾಕಿದರೆ ಚುಕ್ಕಿಯಿಂದ ಚುಕ್ಕಿಗೆ 25 ಮಿ.ಮೀ. ಅಂತರ. ಗೆರೆಯ ದಪ್ಪ 3 ಕಳೆದರೆ ತ್ರಿಕೋನದ ಕಿಂಡಿಯ ಬದಿ ಬರೀ 7 ಮಿ.ಮೀ. ಆಗುತ್ತದೆ. ಅದರೊಳಗೆ ಮೂರು ಚೂಪು ತಿರುವು ಹೊಸಬರಿಗೆ ಕಷ್ಟ. 5–3ರಲ್ಲಿ ಅಂತರ 35, ತ್ರಿಕೋನದ ಬದಿ 12ರಷ್ಟಾಗುತ್ತದೆ. ಅದು ಆಗುವ ಕೆಲಸ.

ಬಡಿಗೇರ_ಧಾರವಾಡ
ಮೇಷ್ಟ್ರ ಲೆಕ್ಕ ಕೇಳಿ ಖುಷಿ ಆತು. ನಾವು ಇಷ್ಟು ದಿನ ಕೊಯ್ಕೋತ ಎಣಿಸ್ತಿದ್ವಿ.

ಬ್ಲೇಡಿನ ಮಾತು ಹೇಳ್ತೀನಿ. ನಿಮ್ಮ ಮಶೀನಿನ ಜೋಡಿ ಬಂದ ಬ್ಲೇಡಿಗೆ ಎರಡೂ ತುದಿಗೆ ಅಡ್ಡಕ ಸಣ್ಣ ಪಿನ್ನು ಇರಬೇಕು. ಅದನ್ನ ಪಕ್ಕಕ್ಕ ಇಡ್ರಿ. ಆ ಪಿನ್ನು ತೂರಬೇಕಂದ್ರ ಅಗಲಾನ ತೂತು ಹೊಡೀಬೇಕು, ಸಣ್ಣ ತ್ರಿಕೋನದಾಗ ಅದು ಹಿಡಿಸಂಗಿಲ್ಲ. ಪಿನ್ನಿಲ್ಲದ ಬ್ಲೇಡು ಹಿಡಿಯೋ ಕ್ಲಾಂಪು ಹಾಕಿಸ್ರಿ. ಅದಕ್ಕ ಒಂದೂವರಿ ಮಿ.ಮೀ. ತೂತು ಸಾಕು. ಜಾಲರಿಗೆ 3ನೇ ನಂಬರು, ದಪ್ಪ ಹಲಗಿಗೆ 7 ಇಲ್ಲಾ 9. ಕೆಳಗಿನ ಕೆಲವು ಹಲ್ಲು ಮ್ಯಾಲಮುಖ ಇರೋ ಬ್ಲೇಡು, ರಿವರ್ಸ್ ಟೂತ್ ಅಂತಾರ, ಅದು ಸಿಕ್ರ ಬಿಡಬ್ಯಾಡ್ರಿ. ಪ್ಲೈವುಡ್ಡಿನ ಅಡಿ ಬದಿ ಸಿಗರು ಏಳಂಗಿಲ್ಲ.

ಸುರುಳಿ ಬ್ಲೇಡು ಬ್ಯಾಡ. ಎಲ್ಲಾ ದಿಕ್ಕಿಗೂ ಕೊಯ್ತೈತಿ ಅಂತ ಆಸಿ ಹತ್ತತೈತಿ, ಆದ್ರ ಗೆರಿ ನುಣ್ಣಗ ಬರಂಗಿಲ್ಲ, ಕೊಯ್ತದ ಅಗಲಾನೂ ಜಾಸ್ತಿ.

ಕೊಯ್ಯೋ ಕ್ರಮ: ನಡುವಿಂದ ಹೊರಗ. ಹೊರಗಿನ ಬಳೆ ಪಕ್ಕದ ದೊಡ್ಡ ಕಿಂಡಿ ಮೊದಲ ತೆಗೆದ್ರ ಹಲಗಿ ಗಡಗಡ ಅನ್ನಾಕ ಹತ್ತತೈತಿ, ನಡುವಿನ ಎಳಿ ಟಕ್ ಅಂತ ಮುರೀತೈತಿ. ಹೊರಗಿನ ದುಂಡು ಕಟ್ಟಕಡೀಗೆ.

ಡಲ್ಲಾಸ್_ಕನ್ನಡಿಗ
ಶಿರಸಿ ಅಕ್ಕ, ಇನ್ನೊಂದು ವಿಷಯ ಯಾರೂ ಮೊದಲಿಗೆ ಹೇಳಿಕೊಡುವುದಿಲ್ಲ. ಬ್ಲೇಡು ನೇರಕ್ಕೆ ಕೊಯ್ಯುವುದಿಲ್ಲ. ಹಲ್ಲು ಮಾಡುವಾಗ ಒಂದು ಬದಿಯಲ್ಲಿ ಸಣ್ಣ ಬಿರುಸು ಉಳಿದುಬಿಡುತ್ತದೆ. ಆ ಬದಿ ಹೆಚ್ಚು ತಿನ್ನುತ್ತದೆ, ಬ್ಲೇಡು ಬಲಕ್ಕೆ ಎಳೆಯುತ್ತದೆ. ಹಲಗೆಯನ್ನು ಕೊಂಚ ಓರೆ ಹಿಡಿದು ತಳ್ಳುವುದು ಅಭ್ಯಾಸವಾದರೆ ಗೆರೆ ತಾನಾಗಿ ಸಿಗುತ್ತದೆ. ಮೊದಲು ರದ್ದಿ ಹಲಗೆಯ ಮೇಲೆ ಉದ್ದ ಗೆರೆ ಎಳೆದು ಕೊಯ್ದು ನೋಡಿ.

ಇಲ್ಲಿಂದ ಮಷಿನ್ ತರಿಸಿಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು: ಇಲ್ಲಿಯದು 110–120 ವೋಲ್ಟ್, 60 ಹರ್ಟ್ಸ್. ಊರಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಇಳಿಯುತ್ತದೆ, 50 ಹರ್ಟ್ಸ್ ಹಾಗೇ ಉಳಿಯುತ್ತದೆ. ಇಂಡಕ್ಷನ್ ಮೋಟಾರಾದರೆ ನಿಧಾನವಾಗಿ ಓಡುತ್ತದೆ, ಬಿಸಿಯೂ ಆಗಬಹುದು. ಮಷಿನ್ ಅಲ್ಲೇ ಕೊಳ್ಳಿ, ಬ್ಲೇಡು ಬೇಕಾದರೆ ಹೇಳಿ.

ಲೇಸರ್_ಪೀಣ್ಯ
ಕ್ಷಮಿಸಿ, ಇಷ್ಟೆಲ್ಲ ಯಾಕೆ? ಆ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಬರೆದು ಲೇಸರ್ ಕಟಿಂಗ್ ಅಂಗಡಿಗೆ ಕೊಡಿ. 3 ಮಿ.ಮೀ. ಪ್ಲೈ ಆದರೆ ಕೆಲವೇ ನಿಮಿಷದ ಕೆಲಸ. 97 ಅಲ್ಲ, 970 ಕಿಂಡಿ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನಮ್ಮಲ್ಲಿ ದಿನವೂ ಮದುವೆ ಹೆಸರಿನ ಫಲಕ ಮಾಡುತ್ತೇವೆ.

ಕುಸುರಿ_ಮೈಸೂರು
ಅದೇ ಮತ್ತೆ. ಮದುವೆಗೆ ಬಂದವರ ಮನೆಯಲ್ಲೆಲ್ಲ ಅದೇ ಫಲಕ, ಅದೇ ಸುಟ್ಟ ಅಂಚು.

ಲೇಸರ್_ಪೀಣ್ಯ
ಸುಟ್ಟ ಅಂಚನ್ನು ಉಜ್ಜಿ ತೆಗೆಯಬಹುದು ಸರ್. ಕೈಕೆಲಸಕ್ಕೆ ಬೆಲೆ ಇದೆ, ಇಲ್ಲ ಅನ್ನಲ್ಲ. ಆದರೆ ಹೊಸಬರಿಗೆ 49 ಕಿಂಡಿ ಕೊಯ್ಯಿ ಅಂದರೆ ಅರ್ಧಕ್ಕೇ ಬಿಟ್ಟು ಎದ್ದುಬಿಡ್ತಾರೆ.

ಕುಸುರಿ_ಮೈಸೂರು
ಏಳು ಮಿಲಿಮೀಟರಿನ ತ್ರಿಕೋನದ ಒಳಬದಿ ಉಜ್ಜುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಯೋಚಿಸಿ. ಅಷ್ಟು ಹೊತ್ತಿನಲ್ಲಿ ಕೊಯ್ದೇ ಮುಗಿಸಬಹುದು. ಇನ್ನೂ ಒಂದಿದೆ: ಪ್ಲೈನ ಅಂಟು ಒಂದೊಂದು ಕಡೆ ಒಂದೊಂದು ಥರ. ಅಂಟು ಗಟ್ಟಿ ಇರುವ ಜಾಗದಲ್ಲಿ ಲೇಸರ್ ಆರಪಾರ ಹೋಗಲ್ಲ, ಆಮೇಲೆ ಬ್ಲೇಡಿನಲ್ಲಿ ಚುಚ್ಚಿ ಬಿಡಿಸಬೇಕು. ಬಿಡಿಸುವಾಗ ಸಿಗರು.

ಅಂದಹಾಗೆ ಅಕ್ಕ, ಜಾಲರಿಯೇ ಬೇಕು ಅಂತೇನಿಲ್ಲ. ನಮ್ಮ ಕಡೆ ಬೀಟೆಯಲ್ಲಿ ಕೂರಿಸುವ ಕೆಲಸ ನೋಡಿರುತ್ತೀರಿ. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಬೀಟೆಯೊಳಗೆ ದಂತ ಕೂರಿಸಿದ್ದಾರೆ. ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕಾದ ದಂತಕ್ಕೂ ಅದೇ ಆಯಿತು. ಈಗ ದಂತದ ಜಾಗದಲ್ಲಿ ಬೇರೆ ಬೇರೆ ಬಣ್ಣದ ಮರ ಕೂರುತ್ತದೆ. ಹಳದಿಗೆ ಹಲಸು, ಕಪ್ಪಿಗೆ ಬೀಟೆ, ಬಿಳಿಗೆ ಯಾವುದಾದರೂ ತಿಳಿ ಮರ. ಹೂವಿನ ತುಂಡುಗಳನ್ನು ಕಮಾನಿನಂಥ ಸಣ್ಣ ಕೈಗರಗಸದಲ್ಲಿ ಕೊಯ್ದು, ಹಲಗೆಯ ಮೇಲೆ ಇಟ್ಟು ಸುತ್ತ ಗೀರಿ, ಉಳಿಯಲ್ಲಿ ಅಷ್ಟೇ ಆಳ ತೋಡಿ, ಅಂಟು ಹಾಕಿ ಕೂರಿಸೋದು. ಆಮೇಲೆ ಉಜ್ಜಿ, ಎಲೆಯ ನರ ಹೂವಿನ ಎಸಳಿನ ಗೆರೆ ಎಲ್ಲ ಕೊರೆದು ಕಪ್ಪು ತುಂಬುತ್ತಾರೆ.

ಸ್ಕ್ರೋಲ್ ಸಾ ಇದ್ದವರಿಗೆ ತೋಡುವ ಕೆಲಸವೇ ಬೇಡ. ಎರಡು ಬಣ್ಣದ ಹಲಗೆ ಒಂದರ ಮೇಲೊಂದು ಅಂಟಿಸಿ, ಮಷಿನಿನ ಮೇಜನ್ನು ಸ್ವಲ್ಪ ವಾಲಿಸಿ ಒಟ್ಟಿಗೇ ಕೊಯ್ಯಿರಿ. ಮೇಲಿನ ತುಂಡು ಕೆಳಗಿನ ತೂತಿಗೆ ಕೂದಲೆಳೆಯೂ ಸಂದಿಲ್ಲದೆ ಕೂರುತ್ತದೆ. ಲೇಸರ್ ನೆಟ್ಟಗೆ ಕೊಯ್ಯುತ್ತದೆ, ಈ ಓರೆ ಅದಕ್ಕೆ ಬರಲ್ಲ.

ಲೇಸರ್_ಪೀಣ್ಯ
ಆ ಓರೆಯ ವಿಷಯ ಒಪ್ಪಿದೆ. ಎಷ್ಟು ವಾಲಿಸಬೇಕು? ನಮ್ಮ ಹುಡುಗನಿಗೂ ಹೇಳಿಕೊಡ್ತೀನಿ.

ಲೆಕ್ಕದ_ಮೇಷ್ಟ್ರು
ಬ್ಲೇಡು ತಿನ್ನುವ ಅಗಲವನ್ನು ಹಲಗೆಯ ದಪ್ಪದಿಂದ ಭಾಗಿಸಿ. ಬಂದದ್ದು ಆ ಕೋನದ ಟ್ಯಾನ್. 5ನೇ ನಂಬರಿನ ಬ್ಲೇಡು ಸುಮಾರು 0.4 ಮಿ.ಮೀ. ತಿನ್ನುತ್ತದೆ. ಹಲಗೆಗಳು ತಲಾ 6 ಮಿ.ಮೀ. ಇದ್ದರೆ 0.4ನ್ನು 6ರಿಂದ ಭಾಗಿಸಿ, ಕೋನ 3.8 ಡಿಗ್ರಿ. 3 ಮಿ.ಮೀ. ಹಲಗೆಗೆ 7.6, 10 ಮಿ.ಮೀ.ಗೆ 2.3. ಹಲಗೆ ತೆಳುವಾದಷ್ಟೂ ವಾಲು ಹೆಚ್ಚು.

ತುಂಡು ಮೇಲೆ ಅಗಲ, ಕೆಳಗೆ ಕಿರಿದು ಆಗುವಂತೆ ಕೊಯ್ದರೆ ಮೇಲಿನದು ಕೆಳಗಿಳಿದು ಕೂರುತ್ತದೆ. ತಿರುಗಾಮುರುಗಾ ಆದರೆ ಕೆಳಗಿನದು ಮೇಲೇರಿ ಕೂರುತ್ತದೆ. ಶುರು ಮಾಡಿದ ಮೇಲೆ ಹಲಗೆ ತಿರುಗಿಸುವ ದಿಕ್ಕು ನಡುವೆ ಬದಲಾಗಬಾರದು. ಬದಲಾದರೆ ಅರ್ಧ ಬದಿ ಬಿಗಿ, ಅರ್ಧ ಬದಿ ಸಡಿಲ.

ತೋಟದ_ಮನೆ
ಮೂಡಿಗೆರೆಯಿಂದ. ಮರದ ಮಾತು ಯಾರೂ ಸರಿಯಾಗಿ ಎತ್ತಿಲ್ಲ ಅನ್ನಿಸಿತು. ಪೆಟ್ಟಿಗೆಯ ಗೋಡೆಗೆ ತೇಗವೇ ಸುಲಭ, ಮಳೆ-ಬಿಸಿಲಿಗೆ ಹೆಚ್ಚು ಕುಣಿಯೋದಿಲ್ಲ. ಆದರೆ ತೇಗದಲ್ಲಿ ಮರಳಿನ ಅಂಶ ಇರುತ್ತದೆ, ಬ್ಲೇಡಿನ ಹಲ್ಲು ಬೇಗ ಸವೆಯುತ್ತದೆ. ಕೊಯ್ತ ನಿಧಾನವಾಯಿತು, ಸುಟ್ಟ ವಾಸನೆ ಬಂತು ಅಂದರೆ ಬ್ಲೇಡು ಬದಲಿಸಿ. ಜೋರಾಗಿ ತಳ್ಳಿದರೆ ಬ್ಲೇಡು ನಡುವೆ ಬಾಗಿ ಗೋಡೆ ಹೊಟ್ಟೆಬಿಡುತ್ತದೆ.

ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇದೆಯಲ್ಲ, ಅದನ್ನು ಪ್ಯಾಕಿಂಗ್ ಪೆಟ್ಟಿಗೆ ಮರ ಅಂತ ತಳ್ಳಿಹಾಕುತ್ತಾರೆ. ಸರಿಯಾದ ದಿಕ್ಕಿಗೆ ಸೀಳಿಸಿದರೆ ಮೈತುಂಬ ಹೊಳೆಯುವ ಚುಕ್ಕೆ ಏಳುತ್ತದೆ, ಮೆದುವಾಗಿ ಕೊಯ್ಯಿಸಿಕೊಳ್ಳುತ್ತದೆ, ಕ್ರಯವೂ ಕಡಿಮೆ. ಒಳಗಿನ ಗೂಡುಗಳಿಗೆ ಹಾಕಿ ನೋಡಿ. ಹಲಸು ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊದಲು ಅರಿಸಿನದ ಬಣ್ಣ ಇದ್ದು, ವರ್ಷ ಕಳೆದಂತೆ ಕಂದಾಗುತ್ತದೆ.

ಬೀಟೆ ಬೇಕೇ ಬೇಕು ಅಂದರೆ ಹಳೆ ಮಂಚ, ಹಳೆ ಕುರ್ಚಿಯ ತುಂಡು ಹುಡುಕಿ, ಇಲ್ಲವೇ ಬಿಲ್ ಕೊಡುವ ಕಡೆ ಕೊಳ್ಳಿ. ನಮ್ಮ ಸ್ವಂತ ಜಮೀನಿನ ಬೀಟೆಯನ್ನೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ದೇಶದಾಚೆ ಕಳಿಸುವುದಾದರೆ ಸೈಟಿಸ್ (ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರದ ರಗಳೆ ಬೇರೆ, 2017ರಿಂದ ಬೀಟೆಯ ಕುಲವೇ ಆ ಪಟ್ಟಿಯಲ್ಲಿದೆ.

ಕುಸುರಿ_ಮೈಸೂರು
ಬೀಟೆಯ ಪುಡಿ ಮೈಗೆ ಹತ್ತಿದರೆ ಕೆಲವರಿಗೆ ತುರಿಕೆ ಏಳುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಯಾವ ಮರವೇ ಆಗಲಿ, ಸ್ಕ್ರೋಲ್ ಸಾ ಬಿಡುವ ಹುಡಿ ಹಿಟ್ಟಿನಷ್ಟು ನಯ. ಮರದ ಧೂಳು ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ಗುಂಪಿಗೇ ಸೇರಿಸಿದೆ. ಎನ್‌95 ಮಾಸ್ಕ್ ಹಾಕಿಕೊಳ್ಳಿ, ಕರವಸ್ತ್ರ ಕಟ್ಟಿದರೆ ಸಾಲದು.

ಬಡಿಗೇರ_ಧಾರವಾಡ
ಜಾಲರಿಗೆ ಮಾತ್ರ ಇಡೀ ಮರದ ಹಲಗಿ ಬ್ಯಾಡ್ರಿ, ಅದು ತೇಗ ಇರಲಿ ಬೀಟಿ ಇರಲಿ. 3 ಮಿ.ಮೀ. ಎಳಿ ನಾರಿಗೆ ಅಡ್ಡ ಬಂದಲ್ಲಿ ಉಗುರು ತಾಗಿದ್ರೂ ಮುರೀತೈತಿ, ದುಂಡನ ಎಳಿ ಎಲ್ಲೋ ಒಂದ ಕಡೆ ಅಡ್ಡ ಬರೋದ. 4 ಮಿ.ಮೀ. ಒಳ್ಳೇ ಪ್ಲೈ ತಗೋರಿ, ಒಳಗ ಪೊಳ್ಳು ಇಲ್ಲದ್ದು. ಅಂಗಡ್ಯಾಗ ಅಂಚು ಬೆಳಕಿಗೆ ಹಿಡಿದು ನೋಡ್ರಿ, ಗೊತ್ತಾಗತೈತಿ.

ಚಿತ್ರ ಅಂಟಿಸೋದು ಹಿಂಗ: ಹಲಗಿ ಮ್ಯಾಲ ಮೊದಲ ಮಾಸ್ಕಿಂಗ್ ಟೇಪು, ಅದರ ಮ್ಯಾಲ ಗೋಂದು ಹಚ್ಚಿ ಕಾಗದ, ಕಾಗದದ ಮ್ಯಾಲ ಪಾರ್ಸಲ್ಲಿಗೆ ಹಾಕೋ ಪಾರದರ್ಶಕ ಟೇಪು. ಆ ಮ್ಯಾಲಿನ ಟೇಪಿನಿಂದ ಬ್ಲೇಡು ಸರಾಗ ಓಡತೈತಿ, ಕಟಿಗಿ ಸುಡಂಗಿಲ್ಲ. ಮುಗಿದ ಮ್ಯಾಲ ಎಲ್ಲಾ ಒಟ್ಟಿಗೆ ಎದ್ದ ಬರತೈತಿ, ಕಾಗದ ಕೆರಿಯೋ ಕೆಲಸಿಲ್ಲ.

ಅಂಗಳ_ಶಿರಸಿ
ಎಲ್ಲ ಬರೆದಿಟ್ಟುಕೊಂಡೆ. ಜಾಲರಿಯೇ ಮಾಡುತ್ತೇನೆ, ಕೂರಿಸುವ ಕೆಲಸ ಮುಂದಿನ ಸಲಕ್ಕೆ. ಪೆಟ್ಟಿಗೆಯ ಮೈಯನ್ನೂ ಸ್ಕ್ರೋಲ್ ಸಾದಲ್ಲೇ ಮಾಡಲಿಕ್ಕೆ ಆಗುತ್ತದೆಯೇ? ಬಡಿಗೇರಣ್ಣ, ಇಷ್ಟು ಎತ್ತರದ ಮರ ಕೊಯ್ಯಲಿಕ್ಕೆ ಬರುವುದಿಲ್ಲ ಅಂತ ಕೇಳಿದ್ದೆ.

ಬಡಿಗೇರ_ಧಾರವಾಡ
ಒಂದ ದಪ್ಪ ದಿಮ್ಮಿ ಕೊಯ್ಯಾಕ ಬರಂಗಿಲ್ಲ, ಖರೆ. 2 ಇಂಚಿಗೆ ಮಶೀನಿನ ಬಾಯಿ ಮುಗೀತು, ಅಷ್ಟು ದಪ್ಪಕ್ಕ ಬ್ಲೇಡೂ ವಾಲಾಡತೈತಿ. ಅದಕ್ಕ ಬಳಿ ಮಾಡಿ ಪೇರಿಸೋದು. 18 ಮಿ.ಮೀ. ಹಲಗಿಯಾಗ ಮೂರು ಬಳಿ ಕೊಯ್ರಿ: ಹೊರಗ 200, ಒಳಗ 180, ಗೋಡಿ 10 ಮಿ.ಮೀ. ಒಂದರ ಮ್ಯಾಲ ಒಂದು ಇಟ್ರ 54 ಎತ್ತರ ಆತು. ತಳಕ್ಕ ಅದ ಮರದ 6 ಮಿ.ಮೀ. ಹಲಗಿ.

ಕೊಯ್ಯೋಕಿಂತ ಮೊದಲ ಮೇಜು ಬ್ಲೇಡಿಗೆ ಕಾಟಕೋನ (ಲಂಬಕೋನ) ಐತೇನ ನೋಡಬೇಕು. ಗುಣ್ಯಾ (ಮೂಲೆಮಟ್ಟ) ಹಿಡಿದ್ರ ಸಣ್ಣ ಬ್ಲೇಡಿಗೆ ಸರಿ ತಿಳಿಯಂಗಿಲ್ಲ. ದಪ್ಪ ರದ್ದಿ ತುಂಡಿನ ಅಂಚಿಗೆ ಒಂದ ಸಣ್ಣ ಗಾಯ ಮಾಡ್ರಿ, ಕೊಯ್ದೇನಿಲ್ಲ ಅನ್ನೋವಷ್ಟು. ಮಶೀನ್ ನಿಲ್ಲಿಸಿ, ಆ ತುಂಡು ಬ್ಲೇಡಿನ ಹಿಂದಿನ ಬದಿಗೆ ತಗೊಂಡ ಹೋಗಿ ಅದ ಗಾಯ ಬ್ಲೇಡಿನ ಬೆನ್ನಿಗೆ ತಾಗಿಸ್ರಿ. ಸಲೀಸಾಗಿ ಒಳಗ ಕುಂತ್ರ ಮೇಜು ನೆಟ್ಟಗ ಐತಿ. ಕೂಡ್ರಲಿಲ್ಲ ಅಂದ್ರ ಮೇಜು ಸರಿಪಡಿಸಿ ಮತ್ತ ನೋಡ್ರಿ. ಮೂರು ಬಳಿ ಪೇರಿಸುವಾಗ ಇದರ ಬೆಲಿ ತಿಳೀತೈತಿ.

ಬಳಿಯ ಗೋಡಿ ಒಡೆದು ಒಳಗ ಹೋಗಬ್ಯಾಡ್ರಿ, ರದ್ದಿ ಆಗೋ ನಡುವಿನ ಭಾಗದಾಗ ತೂತು ಹೊಡೀರಿ. ಹೊರಗಿನ ದುಂಡು 1 ಮಿ.ಮೀ. ದೊಡ್ಡದಾಗಿ ಕೊಯ್ದಿಟ್ಟು, ಅಂಟಿಸಿದ ಮ್ಯಾಲ ಮೂರೂ ಸೇರಿಸಿ ಉಜ್ಜಿ ಗೆರಿಗೆ ತರ್ರಿ. ನಾರು ಮೂರಕ್ಕೂ, ತಳಕ್ಕೂ ಒಂದ ದಿಕ್ಕಿಗೆ ಇರಬೇಕು. ಒಂದು ಹಿಂಗ ಒಂದು ಹಂಗ ಇಟ್ರ ಮಳಿಗಾಲದಾಗ ಒಂದು ಉಬ್ಬಿ ಒಂದು ಉಬ್ಬದ ಮೆಟ್ಟಿಲು ಏಳತಾವು. ನಡುವಿನ ದುಂಡು ತುಂಡು ಒಗೀಬ್ಯಾಡ್ರಿ, ಅದರಾಗ ಕುಂಕುಮದ ಕರಡಿಗಿ ಆಗತೈತಿ.

ತೋಟದ_ಮನೆ
ಮುಚ್ಚಳಕ್ಕೆ ಜಾಗ ಬಿಡುವುದನ್ನು ಹೇಳಿ, ಬಡಿಗೇರರೇ. ಶಿರಸಿ ಮಳೆ ಅಂದರೆ ಹುಡುಗಾಟವಲ್ಲ.

ಬಡಿಗೇರ_ಧಾರವಾಡ
ಹೌದಲ್ರಿ. ಮರ ಉದ್ದಕ್ಕ ಹಿಗ್ಗಂಗಿಲ್ಲ, ನಾರಿಗೆ ಅಡ್ಡ ಹಿಗ್ಗತೈತಿ. ಬ್ಯಾಸಗಿಯೊಳಗ ದುಂಡಿದ್ದ ಪೆಟ್ಟಿಗಿ ಶ್ರಾವಣದಾಗ ಚೂರು ಮೊಟ್ಟಿ ಆಕಾರ ಆಗತೈತಿ. ಮುಚ್ಚಳದ ಅಡಿಗೆ ಒಳಗ ಇಳಿಯೋ ಪ್ಲೈ ಬಿಲ್ಲಿ ಇರತೈತೆಲ್ಲ, ಅದನ್ನ 178 ಮಾಡ್ರಿ, ಸುತ್ತ 1 ಮಿ.ಮೀ. ಸಡಿಲ ಸಿಗತೈತಿ. ಈಗ ಬಿಗಿ ಕುಂತ್ರ ಚೆಂದ ಅನಸತೈತಿ, ಮುಂದ ಕೂಸು ಮುಚ್ಚಳ ತಗಿಯಾಕ ಚಾಕು ಹುಡುಕಬೇಕಾಗತೈತಿ.

ಇನ್ನ ಜಾಲರಿ ಕೆಳಗ ಏನು ಹಾಕ್ತೀರಿ? ಗುಳೇದಗುಡ್ಡದ ಖಣ ಹಾಕ್ರಿ. ಎಳಿ ನಡುವಿಂದ ಖಣದ ಬಣ್ಣ ಇಣುಕತೈತಿ. ಬಟ್ಟಿ ಹಲಗಿಗೆ ಅಂಟಿಸುವಾಗ ಫೆವಿಕಾಲ್ ಹಲಗಿಗೆ ತೆಳ್ಳಗ ಸವರ್ರಿ, ಬಟ್ಟಿಗೆ ಹಚ್ಚಿದ್ರ ಕಲಿ ಬೀಳತೈತಿ.

ಅಂಗಳ_ಶಿರಸಿ
ಖಣ! ಅಮ್ಮನ ಹಳೆಯ ಕುಪ್ಪಸದ ಖಣ ಇದೆ. ಒಳಗೂ ಅದನ್ನೇ ಹಾಸಲೇ? ಇಲ್ಲಾ ಉಣ್ಣೆಯ ಫೆಲ್ಟ್ ತರಿಸಲೇ?

ಕುಸುರಿ_ಮೈಸೂರು
ಬೆಳ್ಳಿ ಇಡುವುದಿದ್ದರೆ ಉಣ್ಣೆ ಬೇಡ. ಉಣ್ಣೆಯಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತದೆ. ಹತ್ತಿಯ ಮಖಮಲ್ ಒಳ್ಳೆಯದು. ಪಾಲಿಶ್ ವಿಷಯ: ಒಳಗೆ ಎಣ್ಣೆ ಹಚ್ಚಬೇಡಿ, ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಅದರ ವಾಸನೆ ಬಹಳ ದಿನ ಹೋಗಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಎರಡು ಕೈ ಹಚ್ಚಿ ಸಾಕು. ಜಾಲರಿಗೂ ಅರಗೇ, ಆದರೆ ಬ್ರಷ್ಷಿನಲ್ಲಿ ಹೊಡೆದರೆ ಕಿಂಡಿಯ ಮೂಲೆಯಲ್ಲಿ ಹನಿ ನಿಲ್ಲುತ್ತದೆ. ಅಗಲ ತಟ್ಟೆಯಲ್ಲಿ ತೆಳು ಪಾಲಿಶ್ ಹಾಕಿ, ಜಾಲರಿ ಮುಳುಗಿಸಿ ತೆಗೆದು, ಹೆಚ್ಚಿನದನ್ನು ಊದಿ ಕೊಡವಿ. ಬಟ್ಟೆ ಅಂಟಿಸುವುದು ಇದೆಲ್ಲ ಒಣಗಿದ ಮೇಲೆ.

ಹೊರಗೆ ಅಗಸೆ ಎಣ್ಣೆ ಹಚ್ಚುವವರು ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಪಡುಬಿದ್ರಿ_ಹುಡುಗ
ಮಷಿನ್ ಇಲ್ಲದವರು ಇದನ್ನು ಮಾಡಲಿಕ್ಕೆ ಆಗ್ತದಾ? ನಾನಿನ್ನೂ ಕಾಲೇಜು, ಅಷ್ಟು ದುಡ್ಡಿಲ್ಲ ಮಾರಾಯ್ರೆ.

ಕುಸುರಿ_ಮೈಸೂರು
ಧಾರಾಳವಾಗಿ ಆಗುತ್ತೆ ತಮ್ಮಾ. ಇಷ್ಟು ಹೊತ್ತು ಹೇಳಿದ ಕೂರಿಸುವ ಕೆಲಸ ಕೈಗರಗಸದಲ್ಲೇ ಬೆಳೆದದ್ದು. ಆಳದ ಕಮಾನಿನ ಫ್ರೆಟ್ ಸಾ ಒಂದು ಕೊಳ್ಳು. ಮೇಜಿನ ಅಂಚಿಗೆ ವಿ ಆಕಾರದಲ್ಲಿ ಬಾಯಿ ತೆರೆದ ಹಲಗೆಯೊಂದನ್ನು ಸಿ ಕ್ಲಾಂಪಿನಲ್ಲಿ ಬಿಗಿ. ಬ್ಲೇಡಿನ ಹಲ್ಲು ಕೆಳಮುಖ ಇರಲಿ, ಎಳೆಯುವಾಗ ಕೊಯ್ಯಬೇಕು. ಗರಗಸ ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡಬೇಕು, ತಿರುಗಬೇಕಾದ್ದು ಹಲಗೆ. ಕಮಾನಿನ ಆಳ ನೋಡಿ ತಗೋ. 200ರ ಮುಚ್ಚಳದ ನಡುವಿನ ಕಿಂಡಿ ಮುಟ್ಟಬೇಕಾದರೆ ಅರ್ಧ ಅಳತೆ, ಅಂದರೆ 100 ಮಿ.ಮೀ.ಗಿಂತ ಹೆಚ್ಚು ಆಳ ಬೇಕು. ಚಿನ್ನದ ಕೆಲಸದವರ ಸಣ್ಣ ಗರಗಸ ಅಲ್ಲಿಗೆ ಮುಟ್ಟಲ್ಲ.

ಅಂಗಳ_ಶಿರಸಿ
ಮೇಷ್ಟ್ರೇ, 5–3ರ ಚಿತ್ರವನ್ನು ದಪ್ಪ ಗೆರೆಯಲ್ಲಿ ಬರೆದು ಮೇಲೆ ಹಾಕಿದ್ದೇನೆ, ಒಂದು ಸಲ ಕಣ್ಣಾಡಿಸಿ. ಎಡಗಡೆ ಮೂಲೆಯ ಸುತ್ತು ಬಳೆಗೆ ತಾಗಿದೆಯೋ ಇಲ್ಲವೋ ಅನುಮಾನ. ಡಲ್ಲಾಸ್ ತಮ್ಮಾ, ಈ ಕಡೆ ಬರುವುದಿದ್ದರೆ ಪಿನ್ನಿಲ್ಲದ ರಿವರ್ಸ್ ಟೂತ್ ಬ್ಲೇಡು ತರುತ್ತೀಯಾ? ದುಡ್ಡು ಇಲ್ಲಿ ಕೊಡುತ್ತೇನೆ.

ಲೆಕ್ಕದ_ಮೇಷ್ಟ್ರು
ನೋಡಿದೆ. ಎಡ ಮೂಲೆ ತಾಗಿಲ್ಲ, ಅರ್ಧ ಮಿಲಿಮೀಟರ್ ದೂರ ಇದೆ. ಹಾಗೇ ಬಿಟ್ಟರೆ ಕಿಂಡಿ ಒಂದು ಕಡಿಮೆಯಾಗುತ್ತದೆ ನಿಜ, ಆದರೆ ಆ ಮೂಲೆ ಗಾಳಿಯಲ್ಲಿ ನೇತಾಡುತ್ತದೆ. ತಾಗಿಸಿಬಿಡಿ.

ಡಲ್ಲಾಸ್_ಕನ್ನಡಿಗ
ದೀಪಾವಳಿಗೆ ಬರ್ತಿದ್ದೀನಿ ಅಕ್ಕ. ಬ್ಲೇಡು ಡಜನ್ ಲೆಕ್ಕದಲ್ಲಿ ಸಿಗೋದು. 3ನೇ ನಂಬರು ಎರಡು ಡಜನ್, 7 ಒಂದು ಡಜನ್ ತರ್ತೀನಿ, ತೇಗ ಕೊಯ್ಯುವವರಿಗೆ ಅಷ್ಟು ಬೇಕೇ ಬೇಕು. ಬೇರೆ ಯಾರಿಗಾದರೂ ಬೇಕಿದ್ದರೆ ಇಲ್ಲೇ ನಂಬರು ಬರೆದು ಹಾಕಿ.